ಹಳೆಯ ತೀರ್ಪು ಯಾರ ಕೈ ಕಟ್ಟುತ್ತದೆ? ಓದುಗರ ಪ್ರಶ್ನೆ, ಕಾನೂನು ಬಳಗದ ಉತ್ತರ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಿಂದಿನ ತೀರ್ಪುಗಳ ಬಲದ ಬಗ್ಗೆಯೇ ಇದ್ದವು. ಕೆಲವು ಹೊಲ-ಮನೆಯ ಪಾಲಿನವು, ಕೆಲವು ವಿಧಾನಸೌಧದ ರಾಜಕೀಯದವು. ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ದಾವೆಯಲ್ಲಿ ನಮ್ಮ ವಕೀಲರು ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ತೀರ್ಪನ್ನು ಹಾಜರುಪಡಿಸಿದರು. ಎದುರಿನವರು ಕರ್ನಾಟಕ ಹೈಕೋರ್ಟಿನ ಒಬ್ಬರೇ ನ್ಯಾಯಮೂರ್ತಿಗಳ ತೀರ್ಪನ್ನು ತೋರಿಸಿದರು. ನ್ಯಾಯಾಧೀಶರು ಅವರದ್ದನ್ನೇ ಹಿಡಿದರು. ಇಬ್ಬರಿಗಿಂತ ಒಬ್ಬರ ಮಾತು ಹೆಚ್ಚಾಯಿತೇ? (ವಿದ್ಯಾನಗರ, ದಾವಣಗೆರೆ)

ನ್ಯಾಯಾಧೀಶರು ಮಾಡಿದ್ದು ಸರಿ. ದಾವಣಗೆರೆಯ ನ್ಯಾಯಾಲಯಗಳು ಕರ್ನಾಟಕ ಹೈಕೋರ್ಟಿನ ಅಧೀನದಲ್ಲಿವೆ. ಅದರ ಏಕಸದಸ್ಯ ಪೀಠದ ತೀರ್ಪಾದರೂ ಇಲ್ಲಿ ಪಾಲಿಸಲೇಬೇಕು. ಬೇರೆ ರಾಜ್ಯದ ಹೈಕೋರ್ಟ್ ಎಷ್ಟು ದೊಡ್ಡ ಪೀಠದಲ್ಲಿ ಹೇಳಿದ್ದರೂ ಅದಕ್ಕೆ ಗೌರವವುಂಟು, ಕಟ್ಟುಪಾಡಿಲ್ಲ. ನಮ್ಮ ಹೈಕೋರ್ಟ್ ಆ ವಿಷಯದಲ್ಲಿ ಏನೂ ಹೇಳದೇ ಇದ್ದರೆ ಮಾತ್ರ ಹೊರಗಿನ ತೀರ್ಪಿಗೆ ತೂಕ ಬರುತ್ತದೆ. ಪೀಠದ ಗಾತ್ರ ಲೆಕ್ಕಕ್ಕೆ ಬರುವುದು ಒಂದೇ ನ್ಯಾಯಾಲಯದೊಳಗೆ: ಪೂರ್ಣಪೀಠದ (ಮೂವರು ಅಥವಾ ಹೆಚ್ಚು ನ್ಯಾಯಮೂರ್ತಿಗಳ) ಮಾತನ್ನು ವಿಭಾಗೀಯ ಪೀಠ (ಇಬ್ಬರದ್ದು), ವಿಭಾಗೀಯ ಪೀಠದ ಮಾತನ್ನು ಏಕಸದಸ್ಯ ಪೀಠ ಮೀರುವಂತಿಲ್ಲ. ನಮ್ಮೆರಡು ಜಿಲ್ಲೆಗಳ ಮೇಲ್ಮನವಿಗಳು ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗುತ್ತವೆ. ಹಾಗೆಂದು ಧಾರವಾಡ ಅಥವಾ ಕಲಬುರಗಿ ಪೀಠದ ತೀರ್ಪು ನಮಗಲ್ಲ ಎಂದುಕೊಳ್ಳಬೇಡಿ; ಹೈಕೋರ್ಟ್ ಒಂದೇ. ಎಲ್ಲಕ್ಕೂ ಮೇಲೆ ಸಂವಿಧಾನದ 141ನೇ ವಿಧಿ: ಸುಪ್ರೀಂ ಕೋರ್ಟ್ ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳಿಗೂ ಕಟ್ಟುನಿಟ್ಟು.

ಬಹಳ ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ತೀರ್ಪಿನಲ್ಲಿ ಯಾರು ಗೆದ್ದರು ಎನ್ನುವುದು ಆ ಪಕ್ಷಗಾರರ ಪಾಡು. ಮುಂದಿನವರಿಗೆ ಅನ್ವಯಿಸುವುದು ಆ ಸಂಗತಿಗಳ ಮೇಲೆ, ಆ ಪ್ರಶ್ನೆಗೆ ನ್ಯಾಯಾಲಯ ಕೊಟ್ಟ ಕಾರಣ. ಅದೇ ತೀರ್ಪಿನ ತಿರುಳು. ವಾದದ ನಡುವೆ ನ್ಯಾಯಮೂರ್ತಿಗಳು ಪ್ರಾಸಂಗಿಕವಾಗಿ ಆಡಿದ ಮಾತಿಗೆ ಅಷ್ಟು ಬಲವಿಲ್ಲ. ಮಧ್ಯಂತರ ಆದೇಶ ನಿದರ್ಶನವಲ್ಲ, ಅಂದರೆ ಮುಂದಿನ ಪ್ರಕರಣಗಳು ಪಾಲಿಸಬೇಕಾದ ತೀರ್ಪಲ್ಲ. ಎರಡೂ ಕಡೆಯವರು ಒಪ್ಪಿಕೊಂಡು ಆದ ಆದೇಶವೂ ಅಲ್ಲ. ಸುಪ್ರೀಂ ಕೋರ್ಟಿಗೆ ಹಾಕಿದ ವಿಶೇಷ ಮೇಲ್ಮನವಿ ಅರ್ಜಿಯನ್ನು ಕಾರಣ ಕೊಡದೆ ಒಂದೇ ಸಾಲಿನಲ್ಲಿ ವಜಾ ಮಾಡಿದರೆ, ಹೈಕೋರ್ಟ್ ಹೇಳಿದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು ಎಂದರ್ಥವಲ್ಲ. ಒಂದು ಪ್ರಕರಣದಲ್ಲಿ ಪೂರ್ಣ ನ್ಯಾಯ ಒದಗಿಸಲು ಸುಪ್ರೀಂ ಕೋರ್ಟಿಗಿರುವ 142ನೇ ವಿಧಿಯ ವಿಶೇಷ ಅಧಿಕಾರದಡಿ ಕೊಟ್ಟ ಪರಿಹಾರದ ಕೊನೆಯಲ್ಲಿ ಹಲವು ಸಲ 'ಇದನ್ನು ನಿದರ್ಶನವಾಗಿ ಪರಿಗಣಿಸತಕ್ಕದ್ದಲ್ಲ' ಎಂದು ಬರೆದಿರುತ್ತಾರೆ. ಆ ಸಾಲನ್ನು ನೋಡದೆ ಸೈಟೇಷನ್ ಹಾಕಿದರೆ ಎದುರಿನ ವಕೀಲರು ಅದನ್ನೇ ಓದಿ ಕೂರುತ್ತಾರೆ.

ತಡೆಯಾಜ್ಞೆಯ ಬಗ್ಗೆಯೂ ಒಂದು ಮಾತು. ತೀರ್ಪಿಗೆ ಮೇಲಿನ ನ್ಯಾಯಾಲಯ ತಡೆ ಕೊಟ್ಟಿದೆ ಎಂದ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ. ತಡೆ ಬೇರೆ, ರದ್ದು ಬೇರೆ. ಚಾಮುಂಡಿ ಮೊಪೆಡ್ಸ್ ಪ್ರಕರಣದಲ್ಲಿ 1992ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ವಿಷಯ ದೊಡ್ಡ ಪೀಠದ ಮುಂದೆ ಬಾಕಿ ಇದ್ದರೂ ಅಷ್ಟೇ: ಅದು ಬದಲಾಗುವ ತನಕ ಇರುವ ಕಾನೂನನ್ನೇ ಪಾಲಿಸಬೇಕೆಂದು 2023ರಲ್ಲಿ ಹೈಕೋರ್ಟುಗಳಿಗೆ ಹೇಳಿದೆ.

ಪ್ರಶ್ನೆ: ನಮ್ಮ ತಂದೆ 2001ರಲ್ಲಿ ತೀರಿಕೊಂಡರು. ಪಿತ್ರಾರ್ಜಿತ ಹೊಲದಲ್ಲಿ ಅಣ್ಣನ ಸಮಕ್ಕೆ ಪಾಲು ಕೇಳಿದ್ದೆ. 2005ರಲ್ಲಿ ತಂದೆ ಬದುಕಿರಲಿಲ್ಲ ಎಂಬ ಕಾರಣಕ್ಕೆ 2017ರಲ್ಲಿ ನನಗೆ ಸಣ್ಣ ಪಾಲು ಮಾತ್ರ ಕೊಟ್ಟರು. ಮೇಲ್ಮನವಿ ಹಾಕಲಿಲ್ಲ. ಈಗ ಕಾನೂನು ಬದಲಾಗಿದೆ ಎನ್ನುತ್ತಾರೆ. ಕೇಸು ಮತ್ತೆ ತೆರೆಸಬಹುದೇ? (ಹರಿಹರ)

ಅಕ್ಕಾ, ನಿಮ್ಮ ಪತ್ರ ಓದಿ ಸಂಕಟವಾಯಿತು. ನಿಮ್ಮ ಸ್ಥಿತಿಯಲ್ಲಿ ಎಷ್ಟೋ ಹೆಣ್ಣುಮಕ್ಕಳಿದ್ದಾರೆ. ಕಾನೂನು ಹೇಗೆ ತಿರುಗಿತು ಎಂಬುದನ್ನು ಮೊದಲು ಹೇಳುತ್ತೇವೆ.

2005ರ ಸೆಪ್ಟೆಂಬರ್ 9ರಂದು ಹಿಂದೂ ಉತ್ತರಾಧಿಕಾರ ತಿದ್ದುಪಡಿ ಜಾರಿಗೆ ಬಂತು. ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಸಹದಾಯದ ಹಕ್ಕು, ಅಂದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲಿನ ಹಕ್ಕು ಬಂತು. ಆದರೆ 2015ರಲ್ಲಿ ಪ್ರಕಾಶ್ ವಿರುದ್ಧ ಫೂಲಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಆ ದಿನಕ್ಕೆ ತಂದೆ ಮತ್ತು ಮಗಳು ಇಬ್ಬರೂ ಬದುಕಿರಬೇಕು ಎಂದರು. 2018ರಲ್ಲಿ ದಾನಮ್ಮ ಪ್ರಕರಣದಲ್ಲಿ ಇನ್ನಿಬ್ಬರು ನ್ಯಾಯಮೂರ್ತಿಗಳು, ತಂದೆ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟರು. ಎರಡೂ ಕರ್ನಾಟಕದಿಂದಲೇ ಹೋದ ಪ್ರಕರಣಗಳು. ಸಮಾನ ಗಾತ್ರದ ಎರಡು ಪೀಠಗಳು ಎರಡು ದಾರಿ ತೋರಿಸಿದ್ದರಿಂದ ಕೆಳಗಿನ ನ್ಯಾಯಾಲಯಗಳಲ್ಲಿ ಗೊಂದಲವಾಯಿತು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಫೂಲಾವತಿ ತೀರ್ಪನ್ನು ತಳ್ಳಿಹಾಕಿದರು. ಹಕ್ಕು ಹುಟ್ಟಿನಿಂದ ಬರುವುದರಿಂದ 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ ಎಂಬುದು ಅವರು ಕೊಟ್ಟ ಕಾರಣ.

ಇನ್ನು ನಿಮ್ಮ ಕೇಸು. ಮೇಲ್ಮನವಿ ಇಲ್ಲದೆ ಅಂತಿಮವಾದ ತೀರ್ಪು, ಆಮೇಲೆ ಬೇರೆಯವರ ಪ್ರಕರಣದಲ್ಲಿ ಕಾನೂನು ಬದಲಾಯಿತೆಂದು ತೆರೆದುಕೊಳ್ಳುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 47ನೇ ಆದೇಶ, 1ನೇ ನಿಯಮದ ವಿವರಣೆಯಲ್ಲಿ ಇದು ನೇರವಾಗಿ ಬರೆದಿದೆ: ಮುಂದೆ ಬಂದ ತೀರ್ಪು ಪುನರ್‌ಪರಿಶೀಲನೆಗೆ ಆಧಾರವಲ್ಲ. ತಡವಾಗಿ ಮೇಲ್ಮನವಿ ಹಾಕುವುದಕ್ಕೂ ಅದು ಸಾಕಷ್ಟು ಕಾರಣವಲ್ಲವೆಂದು 2024ರಲ್ಲಿ ದೆಹಲಿಯ ಭೂಸ್ವಾಧೀನ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆದರೂ ಕೈಬಿಡುವ ಮುಂಚೆ ಒಂದು ವಿಷಯ ವಿಚಾರಿಸಿ. ಪಾಲಿನ ದಾವೆಯಲ್ಲಿ ಮೊದಲು ಆಗುವುದು ಪ್ರಾಥಮಿಕ ಡಿಕ್ರಿ. ಸರ್ವೆ ಮಾಡಿಸಿ, ಹದ್ದು ಗುರುತಿಸಿ, ಅಂತಿಮ ಡಿಕ್ರಿ ಬರೆಯುವುದು ಆಮೇಲಿನ ಎಫ್‌ಡಿಪಿ (ಅಂತಿಮ ಡಿಕ್ರಿ ಪ್ರಕ್ರಿಯೆ) ಅರ್ಜಿಯಲ್ಲಿ. ನಮ್ಮ ಕಡೆ ಇದು ವರ್ಷಗಟ್ಟಲೆ ಉಳಿದಿರುವುದು ಸಾಮಾನ್ಯ. ಅಂತಿಮ ಡಿಕ್ರಿ ಇನ್ನೂ ಆಗಿರದಿದ್ದರೆ, ಪ್ರಾಥಮಿಕ ಡಿಕ್ರಿಯಲ್ಲಿನ ಪಾಲನ್ನು ಬದಲಾದ ಕಾನೂನಿಗೆ ತಕ್ಕಂತೆ ತಿದ್ದಬಹುದು. ವಿನೀತಾ ಶರ್ಮಾ ತೀರ್ಪೇ ಇದಕ್ಕೆ ದಾರಿ ಬಿಟ್ಟಿದೆ. ನ್ಯಾಯಾಲಯದ ನಕಲು ವಿಭಾಗದಿಂದ ಪ್ರಾಥಮಿಕ ಡಿಕ್ರಿ, ಎಫ್‌ಡಿಪಿ ಇದ್ದರೆ ಅದರ ಆದೇಶಪಟ್ಟಿ ಎರಡರ ದೃಢೀಕೃತ ನಕಲು ತೆಗೆಸಿ. ಆ ದಾವೆಯಲ್ಲಿ ಸೇರದೆ ಉಳಿದ ಸರ್ವೆ ನಂಬರ್ ಯಾವುದಾದರೂ ಇದೆಯೇ ಎಂದು ಪಹಣಿಯಲ್ಲೂ ನೋಡಿ, ವಕೀಲರಿಗೆ ತೋರಿಸಿ.

ಇದೇ ಪ್ರಶ್ನೆ ಇರುವ ಬೇರೆಯವರಿಗೆ: 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪಾರೀಖತ್ತು ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಆದ ಪಾಲನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. 'ಹಿರಿಯರು ಬಾಯಿಮಾತಲ್ಲಿ ಹಂಚಿಬಿಟ್ಟಿದ್ದರು' ಎಂಬ ವಾದವನ್ನು ಸರ್ಕಾರಿ ದಾಖಲೆಗಳ ಗಟ್ಟಿ ಆಧಾರವಿಲ್ಲದೆ ನ್ಯಾಯಾಲಯ ಒಪ್ಪುವುದಿಲ್ಲ. ಹೆಣ್ಣುಮಕ್ಕಳನ್ನು ತಪ್ಪಿಸಲು ಹೆಚ್ಚಾಗಿ ಬಳಸುವ ವಾದ ಇದೇ ಆದ್ದರಿಂದ, ಎದುರಿನವರು ಹಾಗೆ ಹೇಳಿದರೆ ಖಾತೆ ಬೇರೆಬೇರೆ ಆದದ್ದು ಯಾವಾಗ, ಮ್ಯುಟೇಷನ್ ಯಾವ ವರ್ಷದ್ದು ಎಂದು ಮೊದಲು ಕೇಳಿ.

ಪ್ರಶ್ನೆ: 2018ರ ಮೇನಲ್ಲಿ ರಾಜ್ಯಪಾಲರು ಬಹುಮತ ಸಾಬೀತಿಗೆ 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಮರುದಿನವೇ ಮಾಡಿ ಎಂದಿತು. ಸಂವಿಧಾನದಲ್ಲಿ ಎಲ್ಲೂ ಇಲ್ಲದ ಈ ಅಧಿಕಾರ ಎಲ್ಲಿಂದ ಬಂತು? (ಚಿತ್ರದುರ್ಗ)

ನೀವು ಹೇಳಿದಂತೆ 'ವಿಶ್ವಾಸಮತ ಇಷ್ಟು ದಿನದೊಳಗೆ' ಎಂದು ಸಂವಿಧಾನದಲ್ಲಿ ಬರೆದಿಲ್ಲ. ಈ ಕಟ್ಟುಪಾಡು ಹುಟ್ಟಿದ್ದು ನಮ್ಮ ರಾಜ್ಯದ ಒಂದು ಪ್ರಕರಣದಿಂದ.

1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. 19 ಶಾಸಕರು ಬೆಂಬಲ ವಾಪಸ್ ಪಡೆದ ಪತ್ರಗಳು ರಾಜ್ಯಪಾಲರ ಕೈಗೆ ಹೋದವು. ಅವರಲ್ಲಿ ಕೆಲವರು ಆಮೇಲೆ ಮಾತು ಬದಲಿಸಿದರು. ಸದನದಲ್ಲಿ ಬಹುಮತ ತೋರಿಸುತ್ತೇನೆಂದು ಬೊಮ್ಮಾಯಿ ಹೇಳಿದರೂ ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು, ವಿಧಾನಸಭೆ ವಿಸರ್ಜನೆಯಾಯಿತು. ಹೈಕೋರ್ಟಿನಲ್ಲಿ ಅವರು ಸೋತರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ವಜಾವನ್ನು ಅಸಾಂವಿಧಾನಿಕ ಎಂದಿತು. ಅಷ್ಟರಲ್ಲಿ ಚುನಾವಣೆ ಮುಗಿದು ಬೇರೆ ಸರ್ಕಾರಗಳು ಬಂದಿದ್ದವು. ಬೊಮ್ಮಾಯಿ ಅವರಿಗೆ ಕುರ್ಚಿ ಸಿಗಲಿಲ್ಲ. ಆದರೆ ತೀರ್ಪಿನ ಕಾರಣಗಳು ದೇಶದ ಎಲ್ಲ ರಾಜಭವನಗಳಿಗೂ ಅನ್ವಯವಾದವು.

ಆ ತೀರ್ಪಿನಲ್ಲಿ ಆರು ಪ್ರತ್ಯೇಕ ಅಭಿಪ್ರಾಯಗಳಿವೆ. ಹಾಗಾಗಿ ಯಾವ ಅಂಶಕ್ಕೆ ಬಹುಮತವಿದೆ ಎಂದು ಎಣಿಸಿ ಓದಬೇಕು. ಬಹುಮತ ಸಿಕ್ಕ ಅಂಶಗಳಿವು: ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿಡಬಹುದು ಅಷ್ಟೆ. ಘೋಷಣೆ ತಪ್ಪಾಗಿದ್ದರೆ ಹಳೆಯ ಸರ್ಕಾರವನ್ನು ಮರಳಿ ಕೂರಿಸಬಹುದು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜ್ಯಪಾಲರ ಕೊಠಡಿಯಲ್ಲಿ ಅಲ್ಲ.

ಇದರ ಪರಿಣಾಮ ಕೋರ್ಟಿನ ಹೊರಗೇ ಹೆಚ್ಚು ಕಾಣಿಸಿತು. 1997ರಲ್ಲಿ ಉತ್ತರ ಪ್ರದೇಶ, 1998ರಲ್ಲಿ ಬಿಹಾರ ಸರ್ಕಾರ ವಜಾ ಮಾಡುವ ಕೇಂದ್ರದ ಶಿಫಾರಸನ್ನು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಮರುಪರಿಶೀಲನೆಗೆ ವಾಪಸ್ ಕಳಿಸಿದರು. ಎರಡು ಸಲವೂ ಕೇಂದ್ರ ಸಂಪುಟ ಆಗ ಹಿಂದೆ ಸರಿಯಿತು. ಯಾರೂ ರಿಟ್ ಹಾಕುವ ಅಗತ್ಯವೇ ಬರಲಿಲ್ಲ. ಒಂದು ತೀರ್ಪು ರಾಜಕೀಯ ನಿರ್ಧಾರವನ್ನು ಅದು ಆಗುವ ಮುಂಚೆಯೇ ತಡೆಯುವುದೆಂದರೆ ಇದು. 2016ರಲ್ಲಿ ಅರುಣಾಚಲದ ಸರ್ಕಾರವನ್ನು ಸುಪ್ರೀಂ ಕೋರ್ಟ್ ನಿಜಕ್ಕೂ ಮರಳಿ ಕೂರಿಸಿತು.

2018ಕ್ಕೆ ಬಂದರೆ, ಮೇ 16ರ ರಾತ್ರಿ ಕೋರ್ಟ್ ಕೂತಿತು, ಪ್ರಮಾಣವಚನ ತಡೆಯಲಿಲ್ಲ. ಮೇ 18ರಂದು ಮರುದಿನ ಸಂಜೆ ವಿಶ್ವಾಸಮತ ಎಂದು ಆದೇಶಿಸಿತು. ಮೇ 19ರಂದು ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಅದು ಮಧ್ಯಂತರ ಆದೇಶ. 'ರಾಜ್ಯಪಾಲರು ಯಾವತ್ತೂ 15 ದಿನ ಕೊಡುವಂತಿಲ್ಲ' ಎಂಬ ನಿಯಮವನ್ನು ಅದರಿಂದ ತೆಗೆಯಲು ಬರುವುದಿಲ್ಲ. ಅದರ ಬೇರು ಬೊಮ್ಮಾಯಿ ತೀರ್ಪಿನಲ್ಲಿದೆ: ಪರೀಕ್ಷೆ ಸದನದಲ್ಲೇ ಆಗಬೇಕಾದರೆ, ಕುದುರೆ ವ್ಯಾಪಾರಕ್ಕೆ ಸಮಯ ಕೊಡದಷ್ಟು ಬೇಗ ಆಗಬೇಕು.

ಪ್ರಶ್ನೆ: ಕೋರ್ಟ್ ತೀರ್ಪು ಇಷ್ಟವಾಗದಿದ್ದರೆ ಸರ್ಕಾರ ಹೊಸ ಕಾಯ್ದೆ ತಂದು ಅದನ್ನು ತಳ್ಳಿಹಾಕಬಹುದಲ್ಲವೇ? (ಹೊಳಲ್ಕೆರೆ)

ತೀರ್ಪನ್ನು ತಳ್ಳಿಹಾಕಲಾಗದು, ತೀರ್ಪು ನಿಂತಿರುವ ತಳಹದಿಯನ್ನು ಬದಲಿಸಬಹುದು. ಕರ್ನಾಟಕವೇ ಈ ಎರಡನ್ನೂ ಮಾಡಿ ನೋಡಿದೆ.

1991ರಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶಕ್ಕೆ ಎದುರಾಗಿ ರಾಜ್ಯ ಸುಗ್ರೀವಾಜ್ಞೆ ಹೊರಡಿಸಿತು. ರಾಷ್ಟ್ರಪತಿ ಸಲಹೆ ಕೇಳಿದಾಗ, ಒಂದು ರಾಜ್ಯ ತನ್ನ ವಿರುದ್ಧದ ನ್ಯಾಯನಿರ್ಣಯವನ್ನು ತಾನೇ ಕಾನೂನು ಮಾಡಿ ರದ್ದು ಮಾಡುವುದು ನ್ಯಾಯಾಂಗದ ಅಧಿಕಾರಕ್ಕೆ ಕೈಹಾಕಿದಂತೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಸುಗ್ರೀವಾಜ್ಞೆ ಉಳಿಯಲಿಲ್ಲ.

ಬಡ್ತಿ ಮೀಸಲಾತಿಯಲ್ಲಿ ಬೇರೆ ರೀತಿ ಆಯಿತು. 2017ರಲ್ಲಿ ಬಿ.ಕೆ. ಪವಿತ್ರಾ ಪ್ರಕರಣದಲ್ಲಿ ಮೀಸಲಾತಿಯಲ್ಲಿ ಬಡ್ತಿ ಪಡೆದವರ ಸೇವಾ ಹಿರಿತನ ಕಾಯುವ ರಾಜ್ಯದ 2002ರ ಜ್ಯೇಷ್ಠತಾ ಕಾಯ್ದೆಯ ಸೆಕ್ಷನ್‌ಗಳು ಬಿದ್ದುಹೋದವು. ಪ್ರಾತಿನಿಧ್ಯ ಕಡಿಮೆ ಇದೆ ಎಂಬುದಕ್ಕೆ ಅಂಕಿಅಂಶ ಸಂಗ್ರಹಿಸಿಲ್ಲ ಎಂಬುದು ಕೋರ್ಟ್ ಕೊಟ್ಟ ಕಾರಣ. ಸರ್ಕಾರ ರತ್ನಪ್ರಭಾ ಸಮಿತಿಯಿಂದ ಇಲಾಖಾವಾರು ಅಂಕಿಅಂಶ ತರಿಸಿ ಹೊಸ ಕಾಯ್ದೆ ಮಾಡಿತು. 2019ರ ಮೇ 10ರಂದು ಅದೇ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೊದಲ ತೀರ್ಪನ್ನು ಸಿಟ್ಟಿನಿಂದ ಓದದೆ ಕಾರಣಕ್ಕಾಗಿ ಓದಿದ್ದರಿಂದ ಸಾವಿರಾರು ನೌಕರರ ಬಡ್ತಿ ಉಳಿಯಿತು.

ಪ್ರಶ್ನೆ: ಪರಿಶಿಷ್ಟ ಜಾತಿ ಒಳಮೀಸಲಾತಿಗೆ ಇಪ್ಪತ್ತು ವರ್ಷ ಏಕೆ ಬೇಕಾಯಿತು? ಕೆನೆಪದರವೂ ಬಂತು ಎನ್ನುತ್ತಾರೆ, ನಿಜವೇ? (ಮೊಳಕಾಲ್ಮುರು)

2004ರ ಚಿನ್ನಯ್ಯ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು, ಪರಿಶಿಷ್ಟ ಜಾತಿಗಳೆಲ್ಲ ಸೇರಿ ಒಂದೇ ವರ್ಗ, ರಾಜ್ಯಗಳು ಅದನ್ನು ಒಡೆಯುವಂತಿಲ್ಲ ಎಂದಿದ್ದರು. 2005ರಲ್ಲಿ ನೇಮಕವಾದ ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟರೂ, ಅದನ್ನು ಜಾರಿ ಮಾಡದ ಪ್ರತಿಯೊಂದು ಸರ್ಕಾರಕ್ಕೂ ಈ ತೀರ್ಪೇ ಗುರಾಣಿಯಾಯಿತು. 2020ರಲ್ಲಿ ಇನ್ನೊಂದು ಐದು ಮಂದಿಯ ಪೀಠಕ್ಕೆ ಚಿನ್ನಯ್ಯ ತೀರ್ಪು ಸರಿಯಲ್ಲ ಎನಿಸಿತು. ಆದರೆ ಸಮಾನ ಗಾತ್ರದ ಪೀಠ ಅದನ್ನು ಬದಲಿಸುವಂತಿಲ್ಲ. ಏಳು ಮಂದಿಗೆ ಕಳಿಸಿತು. 2024ರ ಆಗಸ್ಟ್ 1ರಂದು ದವಿಂದರ್ ಸಿಂಗ್ ಪ್ರಕರಣದಲ್ಲಿ ಆರು-ಒಂದರ ಬಹುಮತದಿಂದ ಒಳವರ್ಗೀಕರಣಕ್ಕೆ ಒಪ್ಪಿಗೆ ಸಿಕ್ಕಿತು. ಷರತ್ತುಗಳೂ ಇವೆ: ಅಂಕಿಅಂಶದ ಆಧಾರ ಇರಬೇಕು, ಇಡೀ ಮೀಸಲಾತಿಯನ್ನು ಒಂದೇ ಗುಂಪಿಗೆ ಕೊಟ್ಟು ಉಳಿದವರನ್ನು ಹೊರಗಿಡುವಂತಿಲ್ಲ, ಹಂಚಿಕೆಯನ್ನು ನ್ಯಾಯಾಲಯ ಪರಿಶೀಲಿಸಬಹುದು.

ನಾಗಮೋಹನ್ ದಾಸ್ ಆಯೋಗ ಐದು ಗುಂಪುಗಳನ್ನು ಶಿಫಾರಸು ಮಾಡಿತು; 2025ರ ಆಗಸ್ಟ್‌ನಲ್ಲಿ ಸಂಪುಟ ಅದನ್ನು ಮೂರಕ್ಕೆ ಇಳಿಸಿ, ಶೇ 17ರಲ್ಲಿ 6, 6, 5 ಎಂದು ಹಂಚಿತು. ಅಲೆಮಾರಿ ಸಮುದಾಯಗಳ ಆಕ್ಷೇಪಕ್ಕೆ ಕಾನೂನಿನ ಬಲ ಸಿಗುವುದು ಇಲ್ಲಿಯೇ. ಆಯೋಗದ ಅಂಕಿಅಂಶ ಅವರನ್ನು ಪ್ರತ್ಯೇಕವಾಗಿ ತೋರಿಸಿದ್ದಾಗ ಬಲಿಷ್ಠರ ಜತೆ ಸೇರಿಸಿದ್ದಕ್ಕೆ ಸರ್ಕಾರ ಕಾರಣ ಕೊಡಬೇಕಾಗುತ್ತದೆ. ನಮ್ಮ ದೃಷ್ಟಿಯಲ್ಲಿ ಅವರ ಪ್ರಶ್ನೆ ನ್ಯಾಯವಾದದ್ದು.

ಕೆನೆಪದರ, ಅಂದರೆ ಮುಂದುವರಿದ ಕುಟುಂಬಗಳನ್ನು ಮೀಸಲಾತಿಯಿಂದ ಹೊರಗಿಡುವ ನಿಯಮ, ಜಾರಿಗೆ ಬಂದಿಲ್ಲ. ಏಳರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಅದರ ಪರ ಬರೆದಿದ್ದಾರೆ ನಿಜ, ಆದರೆ ಪೀಠದ ಮುಂದಿದ್ದ ಪ್ರಶ್ನೆ ಅದಲ್ಲ. ಆ ಮಾತುಗಳು ತೀರ್ಪಿನ ತಿರುಳಿಗೆ ಸೇರುವುದಿಲ್ಲ. ಪರಿಶಿಷ್ಟರ ಮೀಸಲಾತಿಯಲ್ಲಿ ಕೆನೆಪದರ ಇಲ್ಲವೆಂದು 2024ರ ಆಗಸ್ಟ್‌ನಲ್ಲೇ ಕೇಂದ್ರ ಸಂಪುಟವೂ ಹೇಳಿತು.

ಪ್ರಶ್ನೆ: ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದ 38 ವರ್ಷದ ನಮ್ಮ ಭಾವ ಹೆದ್ದಾರಿ ಅಪಘಾತದಲ್ಲಿ ತೀರಿಕೊಂಡರು. ಅಕ್ಕ, ಇಬ್ಬರು ಮಕ್ಕಳು, ಅತ್ತೆ ಇದ್ದಾರೆ. ಪರಿಹಾರ ನ್ಯಾಯಾಧೀಶರ ಮರ್ಜಿಯೇ? (ದಾವಣಗೆರೆ)

ಅಲ್ಲ. 2009ರ ಸರಳಾ ವರ್ಮಾ ತೀರ್ಪು ಮತ್ತು 2017ರ ಅಕ್ಟೋಬರ್ 31ರ ಪ್ರಣಯ್ ಸೇಠಿ ಸಂವಿಧಾನ ಪೀಠದ ತೀರ್ಪು ಲೆಕ್ಕವನ್ನು ಕಟ್ಟಿಕೊಟ್ಟಿವೆ. ತಿಂಗಳ ದುಡಿಮೆ 15,000 ಎಂದು ಸಾಬೀತಾಯಿತು ಎಂದುಕೊಳ್ಳಿ. 40 ವರ್ಷದೊಳಗಿನ ಕೂಲಿ, ಸ್ವಂತ ಉದ್ಯೋಗದವರಿಗೆ ಭವಿಷ್ಯದ ಗಳಿಕೆಗೆ ಶೇ 40 ಸೇರಿಸಬೇಕು: 21,000. ಅವಲಂಬಿತರು ನಾಲ್ವರು, ಹಾಗಾಗಿ ಮೃತರ ಸ್ವಂತ ಖರ್ಚಿಗೆ ನಾಲ್ಕನೇ ಒಂದು ಭಾಗ ಕಳೆಯಬೇಕು: 15,750. ವರ್ಷಕ್ಕೆ 1,89,000. 36ರಿಂದ 40 ವಯಸ್ಸಿಗೆ ಗುಣಕ 15: ಒಟ್ಟು 28,35,000 ರೂಪಾಯಿ. ಇದರ ಮೇಲೆ ಸಾಂಗತ್ಯ ನಷ್ಟಕ್ಕೆ (ಹೆಂಡತಿ, ಮಕ್ಕಳು, ತಾಯಿ ಕಳೆದುಕೊಂಡ ಒಡನಾಟಕ್ಕೆ) ತಲಾ 40,000, ಆಸ್ತಿ ನಷ್ಟಕ್ಕೆ 15,000, ಅಂತ್ಯಕ್ರಿಯೆಗೆ 15,000. ಇವಕ್ಕೆ ಮೂರು ವರ್ಷಕ್ಕೊಮ್ಮೆ ಶೇ 10 ಏರಿಕೆ. ಎರಡು ಏರಿಕೆಯ ನಂತರ 48,400 ಮತ್ತು 18,150 ಆಗುತ್ತವೆ.

ತಪ್ಪುವುದು ಆದಾಯದ ಪುರಾವೆಯಲ್ಲಿ. ಭಟ್ಟಿಯ ಕೂಲಿಗೆ ಚೀಟಿ ಇರುವುದಿಲ್ಲ. ಆಗ ನ್ಯಾಯಮಂಡಳಿ ಸಾಮಾನ್ಯವಾಗಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಲೋಕ ಅದಾಲತ್ ಪಟ್ಟಿಯಲ್ಲಿ ಆ ವರ್ಷಕ್ಕಿರುವ ಅಂದಾಜು ಆದಾಯ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ದುಡಿಯುತ್ತಿದ್ದರೆ ಭಟ್ಟಿ ಮಾಲೀಕರನ್ನೇ ಸಾಕ್ಷಿಯಾಗಿ ಕರೆಸಿ, ಬ್ಯಾಂಕ್ ಪಾಸ್‌ಬುಕ್ ಹಾಜರುಪಡಿಸಿ. ವಯಸ್ಸಿನ ದಾಖಲೆಯಲ್ಲಿ 41 ಎಂದು ತಪ್ಪಿದ್ದರೆ ಶೇ 40 ಹೋಗಿ ಶೇ 25 ಆಗುತ್ತದೆ, ಗುಣಕವೂ 14ಕ್ಕೆ ಇಳಿಯುತ್ತದೆ. ಆಧಾರ್ ಮತ್ತು ಶಾಲಾ ದಾಖಲೆ ತಾಳೆ ನೋಡಿ. ಅರ್ಜಿಯನ್ನು ಅಪಘಾತದ ದಿನದಿಂದ ಆರು ತಿಂಗಳೊಳಗೇ ಹಾಕಿ.

ಪ್ರಶ್ನೆ: ಸ್ಥಳೀಯ ಸಂಸ್ಥೆಯಲ್ಲಿ 18 ವರ್ಷದಿಂದ ದಿನಗೂಲಿ. ಕಾಯಂ ಮಾಡಿ ಎಂದರೆ 'ಉಮಾದೇವಿ ತೀರ್ಪಿನಂತೆ ಅವಕಾಶವಿಲ್ಲ' ಎಂದು ಎರಡು ಸಾಲಿನ ಹಿಂಬರಹ ಕೊಟ್ಟರು. (ಜಗಳೂರು)

2006ರ ಏಪ್ರಿಲ್ 10ರ ಆ ತೀರ್ಪು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳದ್ದು, ಇಂದಿಗೂ ಜೀವಂತ. ಹಿಂಬಾಗಿಲ ನೇಮಕಾತಿ ತಡೆಯುವುದು ಅದರ ಉದ್ದೇಶ. ಮಂಜೂರಾದ ಹುದ್ದೆಯಲ್ಲಿ ಅರ್ಹತೆ ಇದ್ದು ಕ್ರಮದಲ್ಲಿ ಮಾತ್ರ ಲೋಪವಾದ ನೇಮಕಾತಿ ಬೇರೆ, ಕಾನೂನೇ ಇಲ್ಲದ ನೇಮಕಾತಿ ಬೇರೆ ಎಂದು ಅದೇ ತೀರ್ಪು ಗೆರೆ ಎಳೆದಿದೆ. ಅದರಲ್ಲಿನ ಒಂದು ಸಲದ ಕಾಯಮಾತಿ ಆ ದಿನಕ್ಕೆ ಹತ್ತು ವರ್ಷ ಪೂರೈಸಿದವರಿಗೆ. ನಿಮ್ಮ ಸೇವೆ ಅದಕ್ಕೆ ಸೇರುವುದಿಲ್ಲ. ನಿಮಗೆ ಹತ್ತಿರದ್ದು 2024ರ ಡಿಸೆಂಬರ್ 20ರ ಜಗ್ಗೋ ತೀರ್ಪು. ವರ್ಷಾನುಗಟ್ಟಲೆ ಕಾಯಂ ಸ್ವರೂಪದ ಕೆಲಸ ಮಾಡಿಸಿಕೊಂಡು ಉಮಾದೇವಿ ತೀರ್ಪನ್ನು ನೌಕರರ ವಿರುದ್ಧ ಯಾಂತ್ರಿಕವಾಗಿ ಬಳಸುವುದನ್ನು ಅದು ಖಂಡಿಸಿದೆ. ಆದರೆ ಅದು ಇಬ್ಬರ ಪೀಠ, ಐವರ ತೀರ್ಪನ್ನು ಬದಲಿಸಿಲ್ಲ, ಅದರೊಳಗೇ ನಿಂತು ಓದಿದೆ. ನಿಮ್ಮ ಅರ್ಜಿಯೂ ಹಾಗೆಯೇ ನಿಲ್ಲಬೇಕು.

ಮೊದಲು ಮಾಹಿತಿ ಹಕ್ಕಿನಲ್ಲಿ ಮಂಜೂರಾದ ಹುದ್ದೆಗಳ ಸಂಖ್ಯೆ, ಖಾಲಿ ಇರುವವು, ನಿಮ್ಮ ಹಾಜರಿ ಪುಸ್ತಕದ ಪ್ರತಿ, ವೇತನ ಪಾವತಿಯ ವಿವರ ಕೇಳಿ. ನಿಮ್ಮಂತೆಯೇ ಇದ್ದ ಯಾರನ್ನಾದರೂ ಕಾಯಂ ಮಾಡಿದ್ದರೆ ಆ ಆದೇಶದ ಪ್ರತಿಯೂ ಬೇಕು. ಒಂದೇ ಸ್ಥಿತಿಯವರಿಗೆ ಒಂದೇ ಪರಿಹಾರ ಎಂಬುದು ಸೇವಾ ವಿಷಯದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ತತ್ವ. ಆದರೆ ಅವರ ನೇಮಕಾತಿಯೇ ಅಕ್ರಮವಾಗಿದ್ದರೆ ಅದನ್ನು ತೋರಿಸಿ ಏನೂ ಕೇಳುವಂತಿಲ್ಲ. ಬೇರೆಯವರು ಗೆಲ್ಲಲಿ ನೋಡೋಣ ಎಂದು ವರ್ಷಗಟ್ಟಲೆ ಕೂತವರಿಗೂ ಆ ತತ್ವ ಸಿಗುವುದಿಲ್ಲ. ದಾಖಲೆ ಸೇರಿಸಿ ವಿವರವಾದ ಮನವಿ ಕೊಡಿ. ಕಾರಣವಿಲ್ಲದ ಹಿಂಬರಹ ಮತ್ತೆ ಬಂದರೆ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಿ, ಅದನ್ನು ರದ್ದುಮಾಡಿ ಮನವಿಯನ್ನು ಕಾರಣಸಹಿತ ತೀರ್ಮಾನಿಸಲು ನಿರ್ದೇಶನ ಕೇಳಬಹುದು.

ಪ್ರಶ್ನೆ: ಮೊಬೈಲಿನ ಕೃತಕ ಬುದ್ಧಿಮತ್ತೆ ಆ್ಯಪ್ ಹೇಳಿದ ತೀರ್ಪುಗಳನ್ನು ನಂಬಬಹುದೇ? (ಚನ್ನಗಿರಿ)

ಮೂಲ ನೋಡದೆ ನಂಬಬೇಡಿ. ಅಸ್ತಿತ್ವದಲ್ಲೇ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಉಲ್ಲೇಖಿಸಿದ ಬೆಂಗಳೂರಿನ ವಿಚಾರಣಾ ನ್ಯಾಯಾಲಯವೊಂದರ ಆದೇಶವನ್ನು 2025ರಲ್ಲಿ ಕರ್ನಾಟಕ ಹೈಕೋರ್ಟ್ ಗಂಭೀರವಾಗಿ ಪರಿಗಣಿಸಿತು. ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ತಾಣದಲ್ಲಿ ತೀರ್ಪುಗಳು ಉಚಿತವಾಗಿ ಸಿಗುತ್ತವೆ, ಎಷ್ಟೋ ತೀರ್ಪುಗಳ ಕನ್ನಡ ಅನುವಾದವೂ ಇದೆ. ಈಗಿನ ತೀರ್ಪುಗಳಿಗೆ ವರ್ಷ, ಐಎನ್‌ಎಸ್‌ಸಿ ಎಂಬ ಅಕ್ಷರಗಳು ಮತ್ತು ಕ್ರಮಸಂಖ್ಯೆ ಇರುವ ಗುರುತು ಇರುತ್ತದೆ; ಕರ್ನಾಟಕ ಹೈಕೋರ್ಟಿನದ್ದಕ್ಕೆ ಕೆಎಚ್‌ಸಿ ಎಂದಿರುತ್ತದೆ. ಆ ಸಂಖ್ಯೆ ಹಾಕಿ ಹುಡುಕಿ, ಪಕ್ಷಗಾರರ ಹೆಸರು ಮತ್ತು ದಿನಾಂಕ ತಾಳೆ ನೋಡಿ. ನಂತರ ತಲೆಟಿಪ್ಪಣಿ ಬಿಟ್ಟು ನೇರ ಪ್ಯಾರಾ ಓದಿ. ತಲೆಟಿಪ್ಪಣಿ ಸಂಪಾದಕರು ಬರೆದದ್ದು, ನ್ಯಾಯಮೂರ್ತಿಗಳದ್ದಲ್ಲ. ಕೊನೆಗೆ ಅದೇ ಹೆಸರನ್ನು ಇತ್ತೀಚಿನ ತೀರ್ಪುಗಳಲ್ಲಿ ಹುಡುಕಿ, ಅದನ್ನು ಯಾರಾದರೂ ತಳ್ಳಿಹಾಕಿದ್ದಾರೆಯೇ ಎಂದು ನೋಡಿ. ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಠ್ಯವೇ ಅಧಿಕೃತ, ನ್ಯಾಯಾಲಯಕ್ಕೆ ಅದರ ಪ್ರತಿಯನ್ನೇ ಕೊಡಿ.